ಹನ್ನೊಂದು ಸಾವಿರಕ್ಕೆ ಸಾಕ್ಷಿ

ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವನು ಬದುಕಿದ್ದಾಗ ಆ ಹೆಸರನ್ನು ನಾನು ಬೇಕಾದಷ್ಟು ಸಲ ಬರೆಸಿಕೊಂಡಿದ್ದೇನೆ. ಅದೂ ಸುಳ್ಳು ಕಾಗದಗಳ ಕೆಳಗೆ, ಒಂದನೇ ಸಾಕ್ಷಿ ಎಂಬ ಜಾಗದಲ್ಲಿ. ಸತ್ತ ಮೇಲಾದರೂ ಆ ಹೆಸರು ತಣ್ಣಗಿರಲಿ. ಊರವರು ಕರೆಯುತ್ತಿದ್ದಂತೆ ನಾನೂ ಉಗ್ರಾಣಿ ಎಂದೇ ಹೇಳುತ್ತೇನೆ.

ನಾನು ಗ್ರಾಮ ಲೆಕ್ಕಿಗನಾಗಿದ್ದವನು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳಲ್ಲೇ ಗಾಣದ ಎತ್ತಿನ ಹಾಗೆ ಸುತ್ತಿ ನನ್ನ ನೌಕರಿ ಮುಗಿಯಿತು. ಈಗ ಹೇಳಹೊರಟದ್ದು ಎರಡು ಸಾವಿರದ ಇಸವಿ ಕಳೆದ ಮೇಲಿನ ಹತ್ತು ಹನ್ನೆರಡು ವರ್ಷಗಳ ಮಾತು. ಯಾವ ತಾಲ್ಲೂಕು, ಯಾವ ಊರು ಎನ್ನುವುದು ಬೇಡ. ಗೊತ್ತಿದ್ದವರಿಗೆ ಗೊತ್ತಾಗುತ್ತದೆ, ಗೊತ್ತಿಲ್ಲದವರಿಗೆ ಏನೂ ನಷ್ಟವಿಲ್ಲ. ಶಾನುಭೋಗಿಕೆ ಹೋಗಿ ಎಷ್ಟೋ ಕಾಲವಾಗಿದ್ದರೂ ಜನ ನನ್ನನ್ನು ಶ್ಯಾನುಭೋಗ್ರೇ ಎಂದೇ ಕರೆಯುತ್ತಿದ್ದರು. ಉಗ್ರಾಣಿ ಎಂದರೆ ನನ್ನ ಜೊತೆಗಿದ್ದ ಗ್ರಾಮ ಸಹಾಯಕ. ನೋಟೀಸು ಮುಟ್ಟಿಸುವುದು, ಜನರನ್ನು ಕರೆತರುವುದು, ದಫ್ತರದ ಚೀಲ ಹೊರುವುದು, ಮೀಟಿಂಗಿಗೆ ಬೆಂಚು ಹಾಕುವುದು ಇವೆಲ್ಲ ಅವನ ಕೆಲಸ. ಸಂಬಳ ಅನ್ನುವಂತಿಲ್ಲ, ಸರ್ಕಾರ ಅದನ್ನು ಗೌರವಧನ ಎನ್ನುತ್ತಿತ್ತು. ಅದರಲ್ಲಿ ಧನವೂ ಅಷ್ಟಕ್ಕಷ್ಟೆ, ಗೌರವವೂ ಅಷ್ಟಕ್ಕಷ್ಟೆ.

ಅವನು ನನಗಿಂತ ಹನ್ನೆರಡು ವರ್ಷ ದೊಡ್ಡವ. ಆದರೂ ನಾನು ಬಂದ ಮೊದಲ ದಿನದಿಂದ ಏಕವಚನದಲ್ಲೇ ಕರೆದೆ, ಅವನು ಬಹುವಚನದಲ್ಲೇ ಓಗೊಟ್ಟ. ಈಗ ಸತ್ತ ಮೇಲೆ ‘ಅವರು’ ಎಂದು ಬರೆದರೆ ಅದೂ ಒಂದು ಸುಳ್ಳು ಪ್ರಮಾಣಪತ್ರವಾಗುತ್ತದೆ. ಅದಕ್ಕೆ ಹಾಗೇ ಬಿಟ್ಟಿದ್ದೇನೆ.

ಕುಳ್ಳಗಿನ ಆಳು. ಕೊಡೆಯನ್ನು ಅಂಗಿಯ ಕಾಲರಿಗೆ ಹಿಂದಿನಿಂದ ಸಿಕ್ಕಿಸಿಕೊಂಡು, ಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ಪಹಣಿ ಪುಸ್ತಕ ಸುತ್ತಿ ಕಂಕುಳಲ್ಲಿಟ್ಟುಕೊಂಡು ನನ್ನ ಮುಂದೆ ನಡೆಯುತ್ತಿದ್ದ. ನಾನು ಏದುಸಿರು ಬಿಡುತ್ತಾ ಹಿಂದೆ. ಏರು ಬಂದಾಗ ನಿಂತು, ತನಗೇ ಸುಸ್ತಾಯಿತು ಎನ್ನುವಂತೆ ಎಲೆಯಡಿಕೆ ಸಂಚಿ ತೆಗೆಯುತ್ತಿದ್ದ. ನನಗೆ ಸುಸ್ತಾಗಿದೆ ಎಂದು ಅವನಿಗೆ ಗೊತ್ತಿತ್ತು. ಅದನ್ನು ನನ್ನ ಬಾಯಿಂದ ಹೇಳಿಸಬಾರದು ಎಂಬುದು ಅವನ ಲೆಕ್ಕ. ಇಂಥ ಉಪಕಾರಗಳನ್ನು ನಾನು ಆಗ ಗಮನಿಸಲಿಲ್ಲ ಎಂದರೆ ನಂಬಬೇಡಿ, ಗಮನಿಸಿದ್ದೆ. ಗಮನಿಸದ ಹಾಗೆ ಇರುವುದು ನೌಕರಿಯಲ್ಲಿ ರೂಢಿಯಾಗಿರುತ್ತದೆ, ಅಷ್ಟೆ.

ಒಂದು ಮನೆಯ ಆದಾಯ ಎಷ್ಟು ಎಂದು ಹೇಳುವುದರಲ್ಲಿ ಅವನನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಅಂಗಳದಲ್ಲಿ ಜೀಪಿದೆಯೋ ಇಲ್ಲವೋ ಎಂದು ನೋಡುವುದು ದಡ್ಡರ ಕೆಲಸ ಎನ್ನುತ್ತಿದ್ದ. ಅವನು ನೋಡುತ್ತಿದ್ದದ್ದು ಮಕ್ಕಳ ಚಪ್ಪಲಿಯನ್ನು. ಒಂದೊಂದು ಮಗುವಿಗೂ ಎರಡು ಜೊತೆ ಇರುವ ಮನೆ ಬೇರೆ. ಅಣ್ಣನ ಚಪ್ಪಲಿ ತಮ್ಮನ ಕಾಲಿಗೆ ಇಳಿದ ಮನೆ ಬೇರೆ. ಚಪ್ಪಲಿಯೇ ಇಲ್ಲದೆ ಶಾಲೆಯ ಬೂಟೊಂದನ್ನು ಮಾಡಿನ ಸಂದಿಗೆ ಸಿಕ್ಕಿಸಿಟ್ಟ ಮನೆ ಬೇರೆ.

“ಒಳಗಿಂದ ಕಾಫಿ ಬರೂದ್ರೊಳಗೆ ಹೇಳ್ತೀನಿ ಬೇಕಾರೆ,” ಎನ್ನುತ್ತಿದ್ದ. “ಕಾಫಿ ಕುಡಿದ ಮೇಲೆ ಮಾತ್ರ ಕೇಳ್ಬೇಡಿ ಶ್ಯಾನುಭೋಗ್ರೇ. ಕುಡಿದ ಮೇಲೆ ಎಲ್ಲರೂ ಬಡವರಾಗ್ತಾರೆ.”

ಇದು ನನಗೆ ಹೇಳಿದ ಮಾತು ಎಂದು ನನಗೆ ಗೊತ್ತಿತ್ತು. ಏಕೆಂದರೆ ಬಡವರನ್ನಾಗಿ ಮಾಡುತ್ತಿದ್ದವನು ನಾನೇ.

ಪ್ರತಿ ವರ್ಷ ಮೇ ತಿಂಗಳು ಬಂತೆಂದರೆ ನನ್ನ ಬಾಡಿಗೆ ಕೋಣೆಯ ಆಫೀಸಿಗೆ ಜನ ಮುಗಿಬೀಳುತ್ತಿದ್ದರು. ಮಕ್ಕಳ ಫೀ ಮಾಫಿಗೆ, ವಿದ್ಯಾರ್ಥಿವೇತನಕ್ಕೆ, ಸರ್ಕಾರಿ ಹಾಸ್ಟೆಲ್ಲಿಗೆ ಎಲ್ಲದಕ್ಕೂ ಆದಾಯದ ಸರ್ಟಿಫಿಕೇಟು ಬೇಕು. ವಾರ್ಷಿಕ ಆದಾಯ ಇಂತಿಷ್ಟರ ಒಳಗಿದ್ದರೆ ಸವಲತ್ತು, ಮೇಲಿದ್ದರೆ ಇಲ್ಲ. ನಾನು ಮನೆಗೆ ಹೋಗಿ ವಿಚಾರಿಸಿ, ಇಬ್ಬರು ಸಾಕ್ಷಿಗಳ ಮುಂದೆ ಮಹಜರು ಬರೆದು ವರದಿ ಕೊಡಬೇಕು. ಅದರ ಮೇಲೆ ತಹಶೀಲ್ದಾರರು ಸಹಿ ಹಾಕುತ್ತಾರೆ. ನಾನು ಬರೆಯುತ್ತಿದ್ದದ್ದು ಆ ಮಿತಿಗಿಂತ ಬಹಳ ಕೆಳಗಿನ ಒಂದೇ ಅಂಕಿ: ಹನ್ನೊಂದು ಸಾವಿರ. ನನಗಿಂತ ಹಿಂದಿನವರು ಬರೆಯುತ್ತಿದ್ದರು, ನಾನೂ ಬರೆದೆ. ಕಾಫಿ ತೋಟದ ಧಣಿಗೂ ಹನ್ನೊಂದು, ಅದೇ ತೋಟದ ಲೈನ್ ಮನೆಯಲ್ಲಿದ್ದ ಆಳಿಗೂ ಹನ್ನೊಂದು. ಭಾಷಣಗಳಲ್ಲಿ ಹೇಳುವ ಸಮಾನತೆ ನಿಜವಾಗಿ ಬಂದದ್ದು ನನ್ನ ಮೇಜಿನ ಮೇಲೆ ಮಾತ್ರ.

ದುಡ್ಡು ತಿಂದೆನೇ ಎಂದು ಕೇಳಿದರೆ, ಇಲ್ಲ. ಒಂದು ಬಾಳೆಗೊನೆ, ಒಂದು ಭರಣಿ ಮಿಡಿ ಉಪ್ಪಿನಕಾಯಿ, ಇಷ್ಟೆ. ನನ್ನ ರೋಗದ ಹೆಸರು ದಾಕ್ಷಿಣ್ಯ. ಕುರ್ಚಿ ಕೊಟ್ಟು ಕೂರಿಸಿ, ‘ನೀವೇ ನೋಡಿ ಶ್ಯಾನುಭೋಗ್ರೇ, ಈ ಸಲ ಕೊಳೆರೋಗ, ಎಂತದೂ ಕೈಗೆ ಹತ್ತಲಿಲ್ಲ’ ಎನ್ನುವವರ ಮುಂದೆ ನಿಜವಾದ ಅಂಕಿ ಬರೆಯಲು ನನ್ನ ಕೈ ಏಳುತ್ತಿರಲಿಲ್ಲ. ತೋಟದ ಆದಾಯಕ್ಕೆ ಚೀಟಿ ಎಲ್ಲಿದೆ? ಧಣಿ ಹೇಳಿದ್ದೇ ಲೆಕ್ಕ. ಚೀಟಿ ಇರುವುದು ಕೂಲಿಯವರಿಗೆ, ವಾರಕ್ಕೊಂದು, ಎಸ್ಟೇಟಿನ ಮೊಹರು ಹೊಡೆದದ್ದು. ಈ ದೇಶದಲ್ಲಿ ಪುಡಿಗಾಸಿಗೆ ಇರುವ ದಾಖಲೆ ಹಣಕ್ಕೆ ಇಲ್ಲ ಎಂದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ಮೇಜು ಒರೆಸಿಕೊಂಡು ಕೂತಿದ್ದೆ.

ಪ್ರತಿ ಮಹಜರಿಗೂ ಒಂದನೇ ಸಾಕ್ಷಿ ಉಗ್ರಾಣಿ. ಅವನ ಸಹಿಗೆ ಒಂದು ಕಥೆಯಿದೆ. ನಾನು ಆ ಊರಿಗೆ ಬಂದಾಗ ಅವನು ಹೆಬ್ಬೆಟ್ಟು ಒತ್ತುತ್ತಿದ್ದ. ಅಂಕಿ ಓದುತ್ತಿದ್ದ, ಅಕ್ಷರ ಬರುತ್ತಿರಲಿಲ್ಲ. ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ ಅವಳಿಗೆ ಇದು ಅವಮಾನವಾಗಿ ಕಂಡಿತಂತೆ. ತಿಂಗಳುಗಟ್ಟಲೆ ಸ್ಲೇಟಿನ ಮೇಲೆ ಅವನ ಕೈ ಹಿಡಿದು ತಿದ್ದಿಸಿದಳು. ಒಂದು ಬೆಳಿಗ್ಗೆ ಆಫೀಸಿಗೆ ಬಂದವನೇ ಮಸಿಪ್ಯಾಡು ತೆಗೆದ ನನ್ನ ಕೈ ತಡೆದು, ಪೆನ್ನು ಇಸಿದುಕೊಂಡ. ನಾಲಿಗೆ ಹೊರಚಾಚಿ, ಕಾಗದಕ್ಕೆ ತೂತು ಬೀಳುವ ಹಾಗೆ ಒತ್ತಿ ನಾಲ್ಕು ಅಕ್ಷರ ಬರೆದ. ಕೊನೆಯ ಅಕ್ಷರದ ಕೊಂಬು ಗೆರೆ ದಾಟಿ ನನ್ನ ಸಹಿಯ ಜಾಗಕ್ಕೆ ಬಂತು.

“ಕೂಸು ಹೇಳಿಕೊಟ್ಟಿದ್ದು,” ಎಂದ. ಅವತ್ತು ಇಡೀ ದಿನ ಅವನ ಮುಖ ನೋಡಬೇಕಿತ್ತು.

ಆ ಮಗು ಕಲಿಸಿದ ಸಹಿಯನ್ನು ನಾನು ಹತ್ತು ವರ್ಷ ಸುಳ್ಳಿಗೆ ದುಡಿಸಿಕೊಂಡೆ. ಅವನೇನೂ ಮಳ್ಳನಲ್ಲ. ಚಪ್ಪಲಿ ನೋಡಿ ಆದಾಯ ಹೇಳುವವನಿಗೆ ಕಾಗದದಲ್ಲಿನ ಹನ್ನೊಂದು ಕಾಣುವುದಿಲ್ಲವೇ? ಒಮ್ಮೆ ಮಾತ್ರ, ದೊಡ್ಡದೊಂದು ಮನೆಯಿಂದ ಹೊರಟು ಗೇಟು ದಾಟಿದ ಮೇಲೆ ಕೇಳಿದ: “ಅಲ್ಲ ಶ್ಯಾನುಭೋಗ್ರೇ, ಇವರದ್ದೂ ಹನ್ನೊಂದು, ಆ ಲೈನ್ ಮನೆ ವಿಧವೆದೂ ಹನ್ನೊಂದು. ಹಾಸ್ಟೆಲ್ಲಲ್ಲಿ ಇರೋದು ಒಂದೇ ಸೀಟಾದ್ರೆ ಯಾರಿಗೆ ಸಿಗ್ತದೆ?”

“ಮಾರ್ಕು ಜಾಸ್ತಿ ಬಂದವರಿಗೆ,” ಎಂದೆ.

“ಮಾರ್ಕು ಯಾರಿಗೆ ಜಾಸ್ತಿ ಬರ್ತದೆ?”

ಟ್ಯೂಷನ್ನಿಗೆ ಹೋಗುವವರಿಗೆ ಎಂದು ನಾನು ಹೇಳಲಿಲ್ಲ. ಬಿಸಿಲು ಜೋರಿದೆ, ಬೇಗ ನಡೆ ಎಂದೆ.

ಅವನಿಗೆ ಓದುವ ಮಕ್ಕಳೆಂದರೆ ಒಂದು ಹುಚ್ಚು. ಯಾರ ಮನೆಯ ಮಗು ಯಾವ ಕ್ಲಾಸು, ಯಾರು ಪಾಸು, ಯಾರು ನಪಾಸು ಎಲ್ಲ ಬಾಯಿಪಾಠ. ಲೈನ್ ಮನೆಗಳಿಗೆ ತಾನೇ ಹೋಗಿ, ‘ಜೂನಿಗೆ ಮುಂಚೆ ಅರ್ಜಿ ಹಾಕ್ರೋ, ಆಮೇಲೆ ಬಾಯ್ ಬಾಯ್ ಬಡ್ಕಬೇಡಿ’ ಎಂದು ಗದರಿ ಬರುತ್ತಿದ್ದ. ಒಮ್ಮೆ ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಚಿಕ್ಕಮಗಳೂರಿನ ಬಸ್ಸು ಹೊರಡಲು ಐದು ನಿಮಿಷವಿದೆ. ಕೂಲಿಯವರ ಹುಡುಗಿಯೊಬ್ಬಳು ಹಾಸ್ಟೆಲ್ ಸಂದರ್ಶನಕ್ಕೆ ಹೊರಟಿದ್ದಾಳೆ. ನನ್ನ ವರದಿಯಲ್ಲಿ ಒಂದು ಷರಾ ಬಿಟ್ಟುಹೋಗಿದೆ. ಬರೆಯಲು ಮೇಜಿಲ್ಲ, ಗೋಡೆಯೆಲ್ಲ ಎಲೆಯಡಿಕೆ ಉಗುಳು. ಉಗ್ರಾಣಿ ಅಷ್ಟು ಜನರ ಮಧ್ಯೆ ಮೊಣಕಾಲಿಗೆ ಕೈ ಊರಿ ಬಗ್ಗಿ ನಿಂತ. “ಬೆನ್ನ ಮೇಲಿಟ್ಟು ಬರೀರಿ ಶ್ಯಾನುಭೋಗ್ರೇ, ಅಲ್ಲಾಡೂದಿಲ್ಲ.” ಬರೆದೆ. ಕಂಡಕ್ಟರು ನಕ್ಕ, ಜನ ನಕ್ಕರು. ಹುಡುಗಿ ಬಸ್ಸು ಹತ್ತಿದಳು. ಆಮೇಲೆ ಇದು ಅಭ್ಯಾಸವೇ ಆಯಿತು. ಹೊಲದ ಬದುವಿನಲ್ಲಿ, ಸಂತೆಯಲ್ಲಿ, ಎಷ್ಟೋ ವರದಿ ಅವನ ಬೆನ್ನಿನ ಮೇಲೆ ಬರೆದೆ.

ಇಂಥ ಸರ್ಟಿಫಿಕೇಟು ನನ್ನದೂ ಒಂದು ಇದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ನಾನು ಶಿವಮೊಗ್ಗದಲ್ಲಿ ಹಾಸ್ಟೆಲ್ಲಿನಲ್ಲಿದ್ದು ಬಿ.ಕಾಂ. ಓದಿದವನು. ನನ್ನಪ್ಪನಿಗೆ ಮುತ್ತಿನಕೊಪ್ಪದ ಹತ್ತಿರ ಗದ್ದೆಯಿತ್ತು, ಸಣ್ಣದೊಂದು ಅಕ್ಕಿ ಗಿರಣಿಯೂ ಇತ್ತು. ಅವತ್ತಿನ ಗ್ರಾಮ ಲೆಕ್ಕಿಗರು ನಮ್ಮ ಮನೆಯಲ್ಲಿ ಊಟ ಮಾಡಿ, ಗಿರಣಿಯನ್ನು ಮರೆತು, ಗದ್ದೆಯನ್ನು ಅರ್ಧ ಮಾಡಿ ಸರ್ಟಿಫಿಕೇಟು ಬರೆದುಕೊಟ್ಟರು. ಆ ಹಾಸ್ಟೆಲ್ಲಿನ ಅನ್ನ ತಿಂದು ನಾನು ಡಿಗ್ರಿ ಮಾಡಿದೆ, ನೌಕರಿ ಹಿಡಿದೆ. ನನ್ನ ಬದಲು ಅಲ್ಲಿ ಇರಬೇಕಾಗಿದ್ದವನು ಯಾರೋ ಒಬ್ಬ ಇದ್ದೇ ಇದ್ದಾನೆ. ಅವನ ಮುಖ ನಾನು ಕಂಡಿಲ್ಲ, ಅದಕ್ಕೇ ಇಷ್ಟು ವರ್ಷ ಸುಖವಾಗಿ ನಿದ್ದೆ ಮಾಡಿದೆ. ಉಗ್ರಾಣಿಯ ಮಗಳ ಮುಖ ಮಾತ್ರ ಕಂಡದ್ದು.

ಅವಳು ಸರ್ಕಾರಿ ಶಾಲೆಯಲ್ಲೇ ಓದಿ, ಕೊಪ್ಪಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಪಿಯುಸಿ ಫಸ್ಟ್ ಕ್ಲಾಸಿನಲ್ಲಿ ಮುಗಿಸಿದಳು. ಮೇಷ್ಟರಾಗಬೇಕು ಎಂಬುದು ಅವಳ ಆಸೆ. ಅಪ್ಪನಿಗೇ ಅಕ್ಷರ ಕಲಿಸಿದವಳು, ಊರ ಮಕ್ಕಳಿಗೆ ಕಲಿಸುವುದು ಕಷ್ಟವೇ? ಶಿಕ್ಷಕರ ತರಬೇತಿಗೆ ಚಿಕ್ಕಮಗಳೂರಿನಲ್ಲಿ ಸೀಟೂ ಸಿಕ್ಕಿತು. ದಿನಾ ಹೋಗಿ ಬರುವ ದೂರವಲ್ಲ. ಹೊರಗೆ ರೂಮು ಮಾಡಿ ಇಡುವ ಶಕ್ತಿ ಅವರಿಗಿಲ್ಲ. ಹಾಸ್ಟೆಲ್ಲೂ ಫೀ ಮಾಫಿಯೂ ಆದರೆ ಓದು, ಇಲ್ಲದಿದ್ದರೆ ಇಲ್ಲ. ಲೆಕ್ಕ ಇಷ್ಟು ಸರಳ.

ಅವನು ಅರ್ಜಿ ತಂದ ದಿನ ನೆನಪಿದೆ. ಯಾವತ್ತೂ ಆಫೀಸಿನ ಒಳಗೆ ಸಲೀಸಾಗಿ ಓಡಾಡುವವನು ಅವತ್ತು ಬಾಗಿಲ ಹೊರಗೆ, ಬೇರೆ ಅರ್ಜಿದಾರರ ಸಾಲಿನಲ್ಲಿ ನಿಂತ. ನಾನು ನಕ್ಕು, “ಎಂತ ಮಾರಾಯ, ಒಳಗೆ ಬಾ,” ಎಂದೆ.

“ಇವತ್ತು ನಾನು ಪಾರ್ಟಿ ಅಲ್ವಾ?” ಎಂದು ತಾನೂ ನಕ್ಕ.

ಆ ವಾರವೇ ಮೂಗರ್ಜಿ ಬಂದಿತ್ತು. ಸಹಿಯಿಲ್ಲದ ಆ ದೂರನ್ನು ಯಾರು ಬರೆದರೋ, ನೆಟ್ಟಗೆ ಬರೆದಿದ್ದರು: ಈ ಲೆಕ್ಕಿಗರ ವೃತ್ತದಲ್ಲಿ ಜೀಪಿದ್ದವರೂ ಬಡವರು, ತೋಟದ ಧಣಿಗಳ ಮಕ್ಕಳು ಬಡವರ ಹಾಸ್ಟೆಲ್ಲಿನಲ್ಲಿದ್ದಾರೆ, ವಿಚಾರಣೆ ಆಗಲಿ. ಹೊಸದಾಗಿ ಬಂದಿದ್ದ ತಹಶೀಲ್ದಾರರು ನನ್ನನ್ನು ಕರೆಸಿದರು. ಮೇಜಿನ ಮೇಲೆ ನನ್ನ ವರದಿಗಳ ಕಟ್ಟು.

“ಏನ್ರೀ ಇದು? ಎಲ್ಲರದ್ದೂ ಹನ್ನೊಂದು ಸಾವಿರ! ಹತ್ತೂವರೆ ಇಲ್ಲ, ಹನ್ನೆರಡು ಇಲ್ಲ. ಅಚ್ಚಿನಲ್ಲಿ ಹಾಕಿ ತೆಗೆದ್ರಾ?”

ಅವರೇ ಕಟ್ಟನ್ನು ಪಕ್ಕಕ್ಕೆ ಸರಿಸಿದರು.

“ಮೇಲಿನಿಂದ ಕೇಳಿದ್ದಾರೆ. ಹಳೇದು ಬಿಡಿ. ಈ ಸಲದ ಫೈಲಲ್ಲಿ ಒಂದೆರಡಾದ್ರೂ ನಿಜ ಇರಲಿ. ತೋರಿಸೋಕೆ ಬೇಕು.”

ಒಂದೆರಡಾದರೂ ನಿಜ. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ನನಗೆ ಅದೇ ಯೋಚನೆ. ಕೈಯಲ್ಲಿ ಬಾಕಿ ಇದ್ದದ್ದು ಮೂರು ಅರ್ಜಿ. ಒಂದು ಕಾಫಿ ತೋಟದ ಧಣಿಯ ಮಗಳದು. ಅವರು ಒಂದು ಫೋನು ಮಾಡಿದರೆ ನನಗೆ ವರ್ಗ. ಇನ್ನೊಂದು ಅಡಿಕೆ ವ್ಯಾಪಾರಿಯ ಮಗನದು. ಅವರ ಬಾಡಿಗೆ ಕೋಣೆಯಲ್ಲೇ ನನ್ನ ಆಫೀಸು. ಮೂರನೆಯದು ಉಗ್ರಾಣಿಯ ಮಗಳದು. ಅವನು ಯಾರಿಗೂ ಫೋನು ಮಾಡುವುದಿಲ್ಲ. ಏನು ಬರೆದರೂ ಮರುದಿನ ಬೆಳಿಗ್ಗೆ ಅದೇ ಕೊಡೆ ಸಿಕ್ಕಿಸಿಕೊಂಡು ಬರುತ್ತಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ನಾನು ಸಾವಿರ ಸಲ ಹೇಳಿದ್ದೇನೆ. ಬರೆಯ ಕಬ್ಬಿಣ ಕೈಯಲ್ಲಿ ಹಿಡಿದದ್ದು ಅವತ್ತೇ.

ಶ್ರದ್ಧೆಯಿಂದ ಬರೆದೆ. ಅಷ್ಟು ಶ್ರದ್ಧೆಯಿಂದ ನಾನು ಯಾವ ವರದಿಯನ್ನೂ ಬರೆದಿರಲಿಲ್ಲ. ಅವನ ಗೌರವಧನ ಹನ್ನೆರಡು ತಿಂಗಳಿಗೆ; ಬಿಲ್ಲು ಬರೆಯುವವನು ನಾನೇ ಆದ್ದರಿಂದ ಪೈಸೆ ತಪ್ಪಲಿಲ್ಲ. ಅವನ ಹೆಂಡತಿ ಎಸ್ಟೇಟಿನಲ್ಲಿ ಕೂಲಿ ಮಾಡುತ್ತಿದ್ದಳು; ಅವಳ ಕೂಲಿ ಚೀಟಿ ತರಿಸಿಕೊಂಡು ಅದನ್ನೂ ಸೇರಿಸಿದೆ. ಸುಗ್ಗಿಯಲ್ಲಿ ಅವನು ಅಡಿಕೆ ಸುಲಿಯಲು ಹೋಗುತ್ತಿದ್ದ, ಅದನ್ನೂ ಸೇರಿಸಿದೆ. ಇಷ್ಟಾದರೂ ಮೊತ್ತ ಮಿತಿಯ ಒಳಗೇ ನಿಂತಿತು. ಅಲ್ಲಿಗೆ ಬಿಡಬಹುದಿತ್ತು. ನಿಜವಾದ ಅಂಕಿಯೂ ಆಗುತ್ತಿತ್ತು, ಹುಡುಗಿಗೆ ಹಾಸ್ಟೆಲ್ಲೂ ಸಿಗುತ್ತಿತ್ತು. ಆದರೆ ನನಗೆ ಬೇಕಾಗಿದ್ದದ್ದು ‘ಈತ ಅನರ್ಹ’ ಎಂದು ತೋರಿಸುವ ಒಂದು ಕಾಗದ. ಈ ಲೆಕ್ಕಿಗ ಯಾರಿಗೂ ಬಿಡುವವನಲ್ಲ ಎಂದು ಮೇಲಿನವರು ತಲೆದೂಗಬೇಕು. ಅವನ ಕೊಟ್ಟಿಗೆಯಲ್ಲಿ ಒಂದು ಹಸುವಿತ್ತು. ಗಬ್ಬದ ಹಸು, ಹಾಲಿರಲಿಲ್ಲ. ನಾನು ಹಾಲು ಬರೆದೆ. ದಿನಕ್ಕೆ ಇಷ್ಟು ಲೀಟರು, ಡೇರಿಯ ದರದಲ್ಲಿ, ವರ್ಷವಿಡೀ. ಮೊತ್ತ ಮಿತಿ ದಾಟಿತು.

ಒಂದೆರಡು ನಿಜ ಬರೆಯಿರಿ ಎಂದಿದ್ದರು. ನಾನು ಅದರಲ್ಲೂ ಸುಳ್ಳು ಬರೆದೆ.

ಮಹಜರಿಗೆ ಈ ಸಲ ಉಗ್ರಾಣಿ ಸಾಕ್ಷಿಯಾಗುವಂತಿಲ್ಲ, ಅವನೇ ಅರ್ಜಿದಾರ. ಆ ಹೊತ್ತಿಗೆ ತನ್ನ ಮಗಳ ಕೆಲಸಕ್ಕೆಂದು ಬಂದಿದ್ದ ತೋಟದ ಧಣಿಗೇ ಸಹಿ ಹಾಕಿ ಎಂದೆ. ಅವರು ಅಂಕಿ ನೋಡಿ ಹುಬ್ಬೇರಿಸಿದರು. “ಅರೆ, ಉಗ್ರಾಣಿಗೆ ಇಷ್ಟು ಬರ್ತದಾ ಮಾರಾಯ್ರೇ! ನಮಗಿಂತ ಅನುಕೂಲಸ್ಥ ಆದನಲ,” ಎಂದು ಜೋರಾಗಿ ನಕ್ಕು ಸಹಿ ಹಾಕಿದರು. ಅವರ ಹನ್ನೊಂದು ಸಾವಿರ ಅದೇ ಕಟ್ಟಿನಲ್ಲಿತ್ತು. ಆ ವರ್ಷ ನಮ್ಮ ವೃತ್ತದಲ್ಲಿ, ಕಾಗದದ ಪ್ರಕಾರ, ಎಲ್ಲರಿಗಿಂತ ಶ್ರೀಮಂತ ನನ್ನ ಉಗ್ರಾಣಿ. ನಾನೂ ಧಣಿಯ ಜೊತೆ ನಕ್ಕೆ. ಅದನ್ನು ಬಿಟ್ಟು ಬರೆದರೆ ಈ ಚಿತ್ರ ಪೂರ್ತಿಯಾಗುವುದಿಲ್ಲ.

ಸಂಜೆ ಅವನಿಗೆ ಪ್ರತಿ ಕೊಟ್ಟೆ. ಬೆಳಕಿಗೆ ಹಿಡಿದು ಅಂಕಿಗಳನ್ನು ಒಂದೊಂದಾಗಿ ಓದಿದ. ಬಹಳ ಹೊತ್ತು ಓದಿದ. ನಾನು ಮೂಗರ್ಜಿಯ ಕಥೆ ಹೇಳಿದೆ, ಮೇಲಿನಿಂದ ಒತ್ತಡ ಎಂದೆ, ನೀನು ಸರ್ಕಾರದ ದುಡ್ಡು ತಿನ್ನುವವನು, ನಿನ್ನದನ್ನು ಕಡಿಮೆ ಬರೆದರೆ ಮೊದಲು ಹಿಡಿಯುವುದು ಅದನ್ನೇ ಎಂದೆ. ಕೇಳದೇ ಇದ್ದ ಸಮಜಾಯಿಷಿ ಎಷ್ಟು ಉದ್ದವಿರುತ್ತದೆ ನೋಡಿ.

ಅವನು ಕಾಗದ ಮಡಿಸಿದ. “ಎಲ್ಲಾ ಸರಿಯಾಗೇ ಉಂಟು ಶ್ಯಾನುಭೋಗ್ರೇ,” ಎಂದ. “ಹಸು ಮಾತ್ರ ಈಗ ಕರೀತಿಲ್ಲ.”

“ಮುಂದೆ ಕರೀತದಲ್ಲ,” ಎಂದೆ.

“ಹೌದು, ಮುಂದೆ ಕರೀತದೆ.” ಕಾಗದವನ್ನು ಅಂಗಿಯ ಒಳಜೇಬಿಗೆ ಹಾಕಿಕೊಂಡ. ಆಮೇಲೆ ಮೂಲೆಯಲ್ಲಿದ್ದ ದಫ್ತರದ ಚೀಲ ಎತ್ತಿಕೊಂಡು, “ಹೊರಡಾಣನಾ? ಕತ್ತಲಾದ್ರೆ ನಿಮಗೆ ದಾರಿ ಕಾಣೂದಿಲ್ಲ,” ಎಂದ.

ಅದಾಗಿ ಒಂದು ತಿಂಗಳು ನಾನು ಬೆಂಕಿಯ ಮೇಲೆ ಕೂತಿದ್ದೆ. ಅವನು ತಾಲ್ಲೂಕು ಕಚೇರಿಗೆ ಹೋಗಿ ಬಾಯಿ ಬಿಟ್ಟಿದ್ದರೆ ನನ್ನ ಕಥೆ ಮುಗಿಯುತ್ತಿತ್ತು. ಅಷ್ಟೂ ಹನ್ನೊಂದು ಸಾವಿರಗಳಿಗೆ ಅವನೇ ಸಾಕ್ಷಿಯಲ್ಲವೇ? ಚಪ್ಪಲಿ ಸಮೇತ ಹೇಳಬಲ್ಲ. ಅವನು ಹೋಗಲಿಲ್ಲ. ಹೆಂಡತಿಯೂ ಬಂದು ಬೈಯಲಿಲ್ಲ, ಮಗಳೂ ಬರಲಿಲ್ಲ. ಬಡವನ ಕೋಪ ದವಡೆಗೆ ಮೂಲ ಎಂದು ಸುಮ್ಮನಾದರು ಎಂದುಕೊಂಡೆ. ನನಗೆ ಸಮಾಧಾನವಾಯಿತು. ತಹಶೀಲ್ದಾರರು ಮುಂದಿನ ಮೀಟಿಂಗಿನಲ್ಲಿ ಉಗ್ರಾಣಿಯ ಫೈಲು ಎತ್ತಿ ಹಿಡಿದು, ‘ತನ್ನ ಕೈಕೆಳಗಿನವನಿಗೂ ರಿಯಾಯಿತಿ ತೋರಿಸಿಲ್ಲ, ಹೀಗಿರಬೇಕು ವರದಿ’ ಎಂದರು. ಮೂಗರ್ಜಿ ಮುಕ್ತಾಯವಾಯಿತು. ಧಣಿಯ ಮಗಳಿಗೆ ಫೀ ಮಾಫಿ ಆಯಿತು. ಜಾಣ ಹುಡುಗಿ, ಚೆನ್ನಾಗಿ ಓದಿ ಈಗ ಹಲ್ಲಿನ ಡಾಕ್ಟರು. ಅವಳ ಮೇಲೆ ನನಗೇನೂ ಸಿಟ್ಟಿಲ್ಲ. ಅವಳಿಗೆ ಗೊತ್ತೂ ಇಲ್ಲ.

ಉಗ್ರಾಣಿಯ ಮಗಳು ಚಿಕ್ಕಮಗಳೂರಿನಲ್ಲಿ ದೂರದ ನೆಂಟರ ಮನೆಯಲ್ಲಿದ್ದು ಎರಡು ತಿಂಗಳು ಕ್ಲಾಸಿಗೆ ಹೋದಳು. ನೆಂಟರಿಗೆ ಭಾರವಾಯಿತು. ಫೀ ಕಟ್ಟಲು ಆ ಗಬ್ಬದ ಹಸುವನ್ನೇ ಮಾರಿದರು. ಅದು ಮೊದಲ ಕಂತಿಗೆ ಸಾಕಾಯಿತು, ಎರಡನೆಯದಕ್ಕೆ ಕೊಟ್ಟಿಗೆಯಲ್ಲಿ ಏನೂ ಇರಲಿಲ್ಲ. ದಸರಾ ರಜೆಗೆ ಬಂದವಳು ತಿರುಗಿ ಹೋಗಲಿಲ್ಲ. ಒಂದೆರಡು ವರ್ಷದಲ್ಲಿ ಶೃಂಗೇರಿ ಹತ್ತಿರದ ಮೆಣಸೆ ಕಡೆಗೆ ಮದುವೆಯಾಯಿತು. ನಾನು ಮದುವೆಗೆ ಹೋಗಿ ಒಳ್ಳೆಯ ಸೀರೆಯನ್ನೇ ಕೊಟ್ಟೆ. ಅಷ್ಟು ಬೆಲೆಯ ಸೀರೆ ನನ್ನ ತಂಗಿಗೂ ಕೊಟ್ಟಿರಲಿಲ್ಲ. ಸೀರೆಯಿಂದ ಏನೇನು ಮುಚ್ಚಬಹುದು ಎಂಬ ಲೆಕ್ಕ ಪ್ರತಿಯೊಬ್ಬ ಹೇಡಿಗೂ ಗೊತ್ತಿರುತ್ತದೆ.

ಆಮೇಲೆ ನನಗೆ ನರಸಿಂಹರಾಜಪುರದ ಕಡೆಗೆ ವರ್ಗವಾಯಿತು. ಅವನಿಂದ ದೂರವಾದದ್ದು ಒಳ್ಳೆಯದೇ ಆಯಿತೆಂದು ನನಗೆ ಒಳಗೊಳಗೇ ಅನ್ನಿಸಿತ್ತು. ಒಂದು ಮಧ್ಯಾಹ್ನ ನೋಡಿದರೆ ಎರಡು ಬಸ್ಸು ಬದಲಿಸಿ, ಚೀಲದಲ್ಲಿ ಒಂದು ಹಲಸಿನ ಹಣ್ಣು ಹೊತ್ತು ಮನೆಯ ಮುಂದೆ ನಿಂತಿದ್ದಾನೆ. ಈಗ ಕೇಳುತ್ತಾನೆ ಎಂದುಕೊಂಡೆ. ಅವನು ಜೇಬಿನಿಂದ ತೆಗೆದದ್ದು ಯಾರದೋ ಅರ್ಜಿ. ಅವನ ಊರಿನಿಂದ ಮುತ್ತಿನಕೊಪ್ಪದ ಕಡೆಗೆ ಕೂಲಿಗೆ ಹೋಗಿದ್ದ ಒಬ್ಬಳ ಮಗನದು. “ನಿಮ್ಮ ಹೊಸ ಸರ್ಕಲಿಗೆ ಬರ್ತದೆ. ಅವನ ತಾಯಿ ಗಂಡ ಬಿಟ್ಟೋಳು, ಓಡಾಡೋಕೆ ಯಾರೂ ಇಲ್ಲ. ಬರ್ಕೊಡಿ ಶ್ಯಾನುಭೋಗ್ರೇ.”

ಬರೆದುಕೊಟ್ಟೆ. ಊಟ ಮಾಡಿಸಿದೆ. “ಮಗಳು ಹೇಗಿದ್ದಾಳೆ?” ಎಂದು ಕೊನೆಗೂ ಕೇಳಿದೆ.

“ಅಂಗನವಾಡಿಯಲ್ಲಿ ಸಹಾಯಕಿ ಆಗಿದಾಳೆ. ಟೀಚರು ಬರೂದು ತಡ ಆದ್ರೆ ಇವಳೇ ಅಕ್ಷರ ಹೇಳಿಕೊಡ್ತಾಳಂತೆ,” ಎಂದ. ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ನಾನು ಬಾಯಿಬಿಟ್ಟು ತಪ್ಪಾಯಿತು ಎನ್ನುತ್ತಿದ್ದೆನೋ ಏನೋ. ಅವನನ್ನು ಬಸ್ಸಿಗೆ ಬಿಟ್ಟು ಬಂದೆ. ಅದೇ ಕೊನೆ.

ಅವನು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ವಾರ ತಡವಾಗಿ. ಉತ್ತರಕ್ರಿಯೆಯ ದಿನ ಹೋದೆ. ದಾರಿಯುದ್ದಕ್ಕೂ ಒಂದು ನಿರ್ಧಾರ ಗಟ್ಟಿ ಮಾಡಿಕೊಂಡಿದ್ದೆ: ಮಗಳನ್ನು ಪಕ್ಕಕ್ಕೆ ಕರೆದು ಹಸುವಿನ ವಿಷಯ ಹೇಳಿಬಿಡಬೇಕು. ಬೈದರೆ ಬೈಸಿಕೊಳ್ಳಬೇಕು. ಅವನಿಗೆ ಹೇಳಲಾಗಲಿಲ್ಲ, ಇವಳಿಗಾದರೂ ಹೇಳಿದರೆ ಭಾರ ಇಳಿಯುತ್ತದೆ.

ಹೇಳುವ ಮೊದಲೇ ಊಟಕ್ಕೆ ಕೂರಿಸಿದರು. ಅವಳೇ ಬಡಿಸುತ್ತಿದ್ದಳು. ಪಂಕ್ತಿ ಅರ್ಧ ಎದ್ದ ಮೇಲೆ ಪಾಯಸದ ಪಾತ್ರೆ ಹಿಡಿದು ನನ್ನ ಎದುರು ಬಂದು ಕೂತಳು. ಮುಖ ಥೇಟು ಅವನದೇ.

“ಸಾರ್, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಆ ವರ್ಷ ನೀವು ಹನ್ನೊಂದು ಸಾವಿರ ಅಂತ ಬರ್ಕೊಡ್ತೀನಿ ಅಂದಿದ್ರಂತೆ. ಅಪ್ಪಯ್ಯನೇ ಬ್ಯಾಡ ಅಂದ್ರಂತೆ. ‘ನಾನು ಸರ್ಕಾರದ ಋಣ ತಿಂದೋನು, ಇದ್ದದ್ದು ಇದ್ದಂಗೇ ಬರೀರಿ ಅಂದೆ ಕೂಸೇ, ಶ್ಯಾನುಭೋಗ್ರದ್ದು ಎಂತ ತಪ್ಪೂ ಇಲ್ಲ’ ಅಂತ ನಂಗೆ ಹೇಳಿದ್ರು.”

ನಾನು ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಳಿಸಿದೆ.

“ಒಂದು ವರ್ಷ ಅಪ್ಪಯ್ಯನ ಹತ್ರ ಮಾತು ಬಿಟ್ಟಿದ್ದೆ ಸಾರ್. ಅನ್ನ ಬಡಿಸಿ ಎದ್ದು ಹೋಗ್ತಿದ್ದೆ. ನನ್ನ ಓದು ಹಾಳು ಮಾಡಿದ್ದು ನೀವೇ ಅಪ್ಪಯ್ಯ ಅಂತ ಅವರ ಮುಖದ ಮೇಲೇ ಹೇಳಿದ್ದೆ. ಒಂದು ಮಾತೂ ಎದುರಾಡಲಿಲ್ಲ. ಈಗ ಅನ್ನಿಸ್ತದೆ, ಇಡೀ ಊರಲ್ಲಿ ಒಬ್ಬರಾದ್ರೂ ನಿಜ ಬರೆಸಿದ್ರಲ, ಅದು ನಮ್ಮಪ್ಪಯ್ಯ ಅಂತ. ಅದೊಂದೇ ಸಮಾಧಾನ ನಂಗೆ. ಹೌದನಾ ಸಾರ್? ಅವರೇ ಬ್ಯಾಡ ಅಂದಿದ್ದಾ?”

ನಿಜ ಹೇಳಿದರೆ ಅವಳಿಗೆ ಉಳಿದಿದ್ದ ಆ ಒಂದು ಸಮಾಧಾನವೂ ಹೋಗುತ್ತದೆ ಎಂದು ಆ ಕ್ಷಣ ನನಗೆ ನಾನೇ ಹೇಳಿಕೊಂಡೆ. ಅದು ಅವಳಿಗಾಗಿ ಹುಟ್ಟಿದ ಯೋಚನೆಯೋ, ನನ್ನ ಮಾನಕ್ಕಾಗಿ ಹುಟ್ಟಿದ್ದೋ, ಇವತ್ತಿಗೂ ಪ್ರಮಾಣ ಮಾಡಿ ಹೇಳಲಾರೆ.

“ಹೌದಮ್ಮ,” ಎಂದೆ. “ಬರ್ಕೊಡ್ತೀನಿ ಅಂತಲೇ ಅಂದೆ. ಎಷ್ಟು ಹೇಳಿದ್ರೂ ನಿನ್ನಪ್ಪ ಕೇಳಲಿಲ್ಲ.”

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು, ನಕ್ಕಳು. “ಹಟಮಾರಿ,” ಎಂದಳು. ಆಮೇಲೆ ನನ್ನ ಎಲೆಗೆ ಇನ್ನೊಂದು ಸೌಟು ಪಾಯಸ ಹಾಕಿ, ನಿಧಾನಕ್ಕೆ ಊಟ ಮಾಡಿ ಸಾರ್ ಎಂದು ಮುಂದಿನ ಎಲೆಗೆ ಹೋದಳು. ಎಲೆಯಲ್ಲಿ ಏನೂ ಬಿಡದೆ ಉಂಡು ಎದ್ದೆ.